ಹೊಗಳಿಕೆಯ ಇಂಗ್ಲಿಷೂ ನಮ್ಮ ಎತ್ತಿದ ಕೈಯೂ

ಒಬ್ಬರನ್ನು ಹೊಗಳುವುದು ಸುಲಭ; ತಕ್ಕ ಮಾತಿನಲ್ಲಿ ಹೊಗಳುವುದು ಕಷ್ಟ. ಆಡಿ ಬೆಳೆದ ನುಡಿಯಲ್ಲೇ ಹೀಗಿರುವಾಗ ಪರಭಾಷೆಯಲ್ಲಿ ಎಷ್ಟು ಕಷ್ಟವಾಗಬೇಡ? ಬೈಗುಳದಲ್ಲಿ ಪದ ತಪ್ಪಿದರೆ ಬೈಸಿಕೊಂಡವನೇ ನಕ್ಕು ಸುಮ್ಮನಾದಾನು. ಹೊಗಳಿಕೆಯಲ್ಲಿ ಪದ ತಪ್ಪಿದರೆ ಹೊಗಳಿಸಿಕೊಂಡವನಿಗೂ ಮುಜುಗರ, ಹೊಗಳಿದವನಿಗೂ ಮುಜುಗರ.

ನಮ್ಮ ಗಡಿನಾಡಿನ ಮಕ್ಕಳ ಸ್ಥಿತಿಯನ್ನು ಓದುಗರು ಬಲ್ಲರು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ ಹವ್ಯಕರ ನುಡಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಮಲಯಾಳ, ಪಾಠಪಟ್ಟಿಯಲ್ಲಿ ಹಿಂದಿ. ಇಷ್ಟನ್ನು ಹೊತ್ತ ಮೇಲೆ ಬರುವುದು ಇಂಗ್ಲಿಷು. ಉದ್ಯೋಗದ ಅರ್ಜಿ, ಸಂದರ್ಶನ, ಸನ್ಮಾನ ಪತ್ರ, ಬೀಳ್ಕೊಡುಗೆಯ ಭಾಷಣ ಎಂದು ಬಂದಾಗ ಆ ಭಾಷೆಯ ನಾಲ್ಕು ಹೊಗಳಿಕೆಯ ಮಾತುಗಳು ಬೇಕೇ ಬೇಕು. ಅವನ್ನು ಮಕ್ಕಳು ಕಲಿಯುವುದು ಹೆಚ್ಚಾಗಿ ಗೈಡುಗಳ ಕೊನೆಯ ಪುಟದ ಪಟ್ಟಿಯಿಂದ. ಪಟ್ಟಿಯಲ್ಲಿ ಅರ್ಥವಿರುತ್ತದೆ, ತೂಕವಿರುವುದಿಲ್ಲ.

ನಮ್ಮಲ್ಲಿ ಕಲಿತು ಹೋದ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ಒಂದು ಕಂಪೆನಿಗೆ ಅರ್ಜಿ ಹಾಕಿದ್ದ. ವಯರಿಂಗ್ ಬಲ್ಲ, ಪಂಪು ರಿಪೇರಿ ಬಲ್ಲ, ಕಂಪ್ಯೂಟರಿನ ಮುಂದೆ ಕುಳಿತರೆ ಅದನ್ನೂ ಬಲ್ಲ. ಆದ್ದರಿಂದ ತನ್ನನ್ನು 'ಜ್ಯಾಕ್ ಆಫ್ ಆಲ್ ಟ್ರೇಡ್ಸ್' ಎಂದು ಅರ್ಜಿಯಲ್ಲಿ ಬಣ್ಣಿಸಿಕೊಂಡ. ಸಂದರ್ಶನದಲ್ಲಿ ಕುಳಿತಿದ್ದವರು, 'ಹಾಗಾದರೆ ಯಾವುದರಲ್ಲಿಯೂ ಮಾಸ್ಟರ್ ಅಲ್ಲ ಎಂದಾಯಿತಲ್ಲ?' ಎಂದು ಕೇಳಿ ನಕ್ಕರಂತೆ. ಈತನಿಗೆ ನಗುವಿನ ಕಾರಣವೇ ತಿಳಿಯಲಿಲ್ಲ. ಕೆಲಸ ಸಿಗಲಿಲ್ಲ. ಅದೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೆ 'ಅದು ಹೊಗಳಿಕೆಯ ಮಾತೇ ಅಲ್ಲವೇ ಮಾಸ್ಟ್ರೇ?' ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ನಮ್ಮಂಥ ಅಧ್ಯಾಪಕರ ಕರ್ತವ್ಯ. ಈ ಲೇಖನ ಅವನಂಥ ಹಲವರಿಗಾಗಿ.

ಜ್ಯಾಕ್ ಎಂಬವನ ಕಥೆ

ಇಂಗ್ಲೆಂಡಿನಲ್ಲಿ ಜ್ಯಾಕ್ ಎಂಬುದು ತೀರಾ ಸಾಮಾನ್ಯ ಹೆಸರು. ಯಾರೋ ಒಬ್ಬ ಕೆಲಸದಾಳು ಎಂಬ ಅರ್ಥದಲ್ಲಿ ಅದು ಬಳಕೆಗೆ ಬಂತು. ಎಲ್ಲ ಕಸುಬಿಗೂ ಕೈ ಹಾಕುವ ಜ್ಯಾಕ್ ಮೊದಲಿಗೆ ಉಪಯೋಗಕ್ಕೆ ಬರುವ ಮನುಷ್ಯನೇ ಆಗಿದ್ದ. 'ಮಾಸ್ಟರ್ ಆಫ್ ನನ್', ಅಂದರೆ ಯಾವುದರಲ್ಲೂ ಪಾರಂಗತನಲ್ಲ ಎಂಬ ಬಾಲ ಅಂಟಿಕೊಂಡದ್ದು ಆಮೇಲೆ. ಬಾಲ ಬಂದ ಮೇಲೆ ಬಾಲವೇ ಮುಖ್ಯವಾಯಿತು. ಈಗ ಅರ್ಧ ಹೇಳಿದರೂ ಕೇಳುವವನ ಕಿವಿ ಉಳಿದರ್ಧವನ್ನು ತಾನೇ ಸೇರಿಸಿಕೊಳ್ಳುತ್ತದೆ.

ಹಲವು ಕೆಲಸ ಬಲ್ಲವನನ್ನು ಶಂಕೆಯಿಂದ ನೋಡುವ ರೂಢಿ ಅಲ್ಲಿ ಹಳೆಯದು. 1592ರಲ್ಲಿ ರಾಬರ್ಟ್ ಗ್ರೀನ್ ಎಂಬ ಲೇಖಕನ ಹೆಸರಿನಲ್ಲಿ ಪ್ರಕಟವಾದ ಪುಸ್ತಿಕೆಯೊಂದು ಲಂಡನ್ನಿನ ರಂಗಭೂಮಿಯಲ್ಲಿ ಆಗತಾನೇ ತಲೆಯೆತ್ತುತ್ತಿದ್ದ ನಟ-ನಾಟಕಕಾರನೊಬ್ಬನನ್ನು ಹಳಿಯಿತು. ಎಲ್ಲವನ್ನೂ ತಾನೇ ಮಾಡಬಲ್ಲೆನೆಂದುಕೊಂಡವ ಎಂಬರ್ಥದ ಲ್ಯಾಟಿನ್ ಹೆಸರೊಂದನ್ನು ಅವನಿಗೆ ಅಂಟಿಸಿತು. ಆ ನಟ-ನಾಟಕಕಾರ ಶೇಕ್ಸ್‌ಪಿಯರನೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಹಳಿದವನ ಹೆಸರು ಇಂದು ಉಳಿದಿರುವುದು ಮುಖ್ಯವಾಗಿ ಆ ಹಳಿವಿನಿಂದಾಗಿ ಎಂಬುದು ಬೇರೆ ಮಾತು.

ಈಚೆಗೆ ಮೊಬೈಲಿನಲ್ಲಿ ಇನ್ನೊಂದು ಸುದ್ದಿ ಹರಿದಾಡುತ್ತಿದೆ. ಆ ಗಾದೆಗೆ ಮೂರನೆಯ ಸಾಲೊಂದಿತ್ತು, ಒಂದೇ ಕಸುಬು ಬಲ್ಲವನಿಗಿಂತ ಇವನೇ ಮೇಲು ಎಂದು ಅದರಲ್ಲಿತ್ತು, ಕಾಲಾಂತರದಲ್ಲಿ ಮರೆತುಹೋಯಿತು ಎಂಬುದು ಆ ಸುದ್ದಿ. ಓದಲು ಹಿತವಾಗಿದೆ. ಆದರೆ ಹಳೆಯ ಬರಹಗಳಲ್ಲಿ ಅಂಥ ಸಾಲು ಕಾಣುವುದಿಲ್ಲ. ಅದು ಇತ್ತೀಚಿನ ಜೋಡಣೆ. ಅದನ್ನು ನಂಬಿ ಅರ್ಜಿ ಬರೆಯಬಾರದು.

ಹಲವು ವಿದ್ಯೆ ಬಲ್ಲವನನ್ನು ಗೌರವದಿಂದ ಹೇಳಬೇಕಾದರೆ ಇಂಗ್ಲಿಷಿನಲ್ಲಿ 'ವರ್ಸಟೈಲ್' ಎಂಬ ಪದವಿದೆ. ಆಟ-ಪಾಠಗಳಲ್ಲಿ ಮುಂದಿರುವವನಿಗೆ 'ಆಲ್‌ರೌಂಡರ್' ಇದೆ. ನಾನಾ ಶಾಸ್ತ್ರಗಳಲ್ಲಿ ಆಳವಾಗಿ ಇಳಿದವನಿಗೆ 'ಪಾಲಿಮ್ಯಾಥ್', ಹಲವು ಭಾಷೆ ಬಲ್ಲವನಿಗೆ 'ಪಾಲಿಗ್ಲಾಟ್'. ಕಾದಂಬರಿ, ಯಕ್ಷಗಾನ, ಮಕ್ಕಳ ವಿಶ್ವಕೋಶ ಎಂದು ದುಡಿದು 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದ ಶಿವರಾಮ ಕಾರಂತರನ್ನು ಯಾರಾದರೂ ಜ್ಯಾಕ್ ಎಂದರೆ ನಾವು ಸುಮ್ಮನಿರುತ್ತೇವೆಯೇ? ಮಂಜೇಶ್ವರದ ಮನೆಯಲ್ಲಿ ಕುಳಿತು ಅನೇಕ ಭಾಷೆಗಳನ್ನು ಒಲಿಸಿಕೊಂಡು, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವ ಪಡೆದ ಗೋವಿಂದ ಪೈಗಳಿಗೆ ಪಾಲಿಗ್ಲಾಟ್ ಎಂಬ ಮಾತು ಒಪ್ಪುತ್ತದೆ. ಕನ್ನಡದಲ್ಲಾದರೆ 'ಬಹುಭಾಷಾ ಕೋವಿದ' ಎಂದು ಹೇಳಿ ಕೈಮುಗಿದರಾಯಿತು.

ಕೈಯ ಮಹಿಮೆ

ಕುಶಲತೆಯನ್ನು ಹೇಳುವಾಗ ಎರಡೂ ಭಾಷೆಗಳು ಮೊದಲು ಹಿಡಿಯುವುದು ಕೈಯನ್ನೇ. ಇಂಗ್ಲಿಷಿನ 'ಓಲ್ಡ್ ಹ್ಯಾಂಡ್' ನಮ್ಮ 'ಪಳಗಿದ ಕೈ'. ಅಲ್ಲಿ ವಯಸ್ಸು ಮುಖ್ಯವಲ್ಲ, ಅನುಭವ ಮುಖ್ಯ. 'ಡ್ಯಾಬ್ ಹ್ಯಾಂಡ್' ಎಂಬುದು ಬ್ರಿಟಿಷರ ಮನೆಮಾತಿನ ಪದ. ಅಡುಗೆಯಲ್ಲೋ ಹೊಲಿಗೆಯಲ್ಲೋ ಚುರುಕಾದವರಿಗೆ ಸಲುಗೆಯಿಂದ ಹೇಳುವಂಥದು. ಕಚೇರಿಯ ಪತ್ರಕ್ಕೆ ಅದು ಹೊಂದದು.

ತೋಟದ ಕೆಲಸದಲ್ಲಿ ಕೈ ಕೂಡಿಬಂದವರಿಗೆ ಬ್ರಿಟಿಷರು 'ಗ್ರೀನ್ ಫಿಂಗರ್ಸ್' ಎನ್ನುತ್ತಾರೆ, ಅಮೆರಿಕದವರು 'ಗ್ರೀನ್ ಥಂಬ್' ಎನ್ನುತ್ತಾರೆ. ಒಬ್ಬರಿಗೆ ಬೆರಳೆಲ್ಲ ಹಸಿರು, ಇನ್ನೊಬ್ಬರಿಗೆ ಹೆಬ್ಬೆರಳು ಮಾತ್ರ ಹಸಿರು. ಅಡಿಕೆ, ಕಾಳುಮೆಣಸು, ತೆಂಗು ಬೆಳೆಯುವ ನಮ್ಮ ಊರುಗಳಲ್ಲಿ ಇದಕ್ಕೆ 'ಕೈಗುಣ' ಎಂಬ ಮಾತಿದೆ. ಅವರು ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದೂ ಹೇಳುವುದುಂಟು. ಕೈಗುಣ ತೋಟಕ್ಕೆ ಮಾತ್ರ ಮೀಸಲಲ್ಲ. ವೈದ್ಯರಿಗೂ ಇದೆ, ಅಡುಗೆಯವರಿಗೂ ಇದೆ. ನೆರೆಯ ಮಲಯಾಳದ 'ಕೈಪ್ಪುಣ್ಯಂ' ಇದಕ್ಕೆ ಹತ್ತಿರದ ನೆಂಟ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಹೊಂದುವ ಒಂದೇ ಮಾತು ಸಿಗಲಾರದು.

ಅಷ್ಟೇ ಅಲ್ಲ. ಕೈಚಳಕಕ್ಕೆ ಇಂಗ್ಲಿಷಿನಲ್ಲಿರುವ 'ಡೆಕ್ಸ್ಟರಿಟಿ' ಎಂಬ ಪದ ಲ್ಯಾಟಿನ್ನಿನ 'ಡೆಕ್ಸ್ಟರ್' ಎಂಬುದರಿಂದ ಬಂದದ್ದು. ಅದರ ಅರ್ಥ ಬಲಗೈಯ ಕಡೆ ಎಂದು. ಸಂಸ್ಕೃತದ 'ದಕ್ಷಿಣ' ಎಂದರೂ ಬಲಗಡೆಯೇ. 'ದಕ್ಷ' ಎಂದರೆ ಸಮರ್ಥ. ಈ ಪದಗಳೆಲ್ಲ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಎರಡೂ ಕೈಯಲ್ಲಿ ಸಮಾನವಾಗಿ ಕೆಲಸ ಮಾಡುವವನಿಗೆ ಇಂಗ್ಲಿಷಿನಲ್ಲಿ 'ಆಂಬಿಡೆಕ್ಸ್ಟ್ರಸ್' ಎನ್ನುತ್ತಾರೆ. ಬಿಡಿಸಿ ಹೇಳಿದರೆ ಎರಡೂ ಬಲಗೈ ಇದ್ದವನು. ನಮ್ಮಲ್ಲಿ ಅರ್ಜುನನ ಹೆಸರು 'ಸವ್ಯಸಾಚಿ'. ಸವ್ಯ ಎಂದರೆ ಎಡ. ಎಡಗೈಯಲ್ಲಿಯೂ ಬಾಣ ಬಿಡಬಲ್ಲವನು. ಅವರು ಎಡಗೈಯನ್ನು ಬಲಗೈ ಮಾಡಿ ಹೊಗಳಿದರು. ನಮ್ಮವರು ಎಡಗೈಯನ್ನು ಎಡಗೈಯಾಗಿಯೇ ಇಟ್ಟು ಹೊಗಳಿದರು.

ಮಾಸ್ಟರ್, ಮೇಸ್ತ್ರಿ, ಮಾಸ್ಟ್ರೋ

ಲ್ಯಾಟಿನ್ನಿನ 'ಮ್ಯಾಜಿಸ್ಟರ್' ಎಂಬ ಒಂದು ಪದದ ಮಕ್ಕಳು ಲೋಕವೆಲ್ಲ ಹರಡಿವೆ. ಇಟಲಿಯಲ್ಲಿ ಅದು 'ಮಾಸ್ಟ್ರೋ' ಆಗಿ ಸಂಗೀತಗಾರರ ಬಿರುದಾಯಿತು. ಇಂಗ್ಲೆಂಡಿನಲ್ಲಿ 'ಮಾಸ್ಟರ್' ಆಯಿತು, ನಮ್ಮ ಶಾಲೆಗಳಿಗೆ ಬಂದು 'ಮಾಸ್ಟ್ರು' ಆಯಿತು. ಪೋರ್ಚುಗೀಸರ 'ಮೆಸ್ತ್ರೆ' ಕರಾವಳಿಗೆ ಇಳಿದು ಕಲ್ಲು ಕಟ್ಟುವ 'ಮೇಸ್ತ್ರಿ' ಆಯಿತು. ಹಾಗಾಗಿ ಸಂಗೀತ ಸಭೆಯ ಮಾಸ್ಟ್ರೋ, ತರಗತಿಯ ಮಾಸ್ಟ್ರು, ಕೆಂಪುಕಲ್ಲಿಗೆ ನೂಲು ಹಿಡಿಯುವ ಮೇಸ್ತ್ರಿ ಮೂವರೂ ದಾಯಾದಿಗಳು.

ಈ ಬಳಗದ ಅಪಾಯದ ಮಾತು 'ಪಾಸ್ಟ್ ಮಾಸ್ಟರ್'. ಕಸುಬುದಾರರ ಸಂಘಗಳಲ್ಲಿ, ಫ್ರೀಮೇಸನ್ನರ ಶಾಖೆಗಳಲ್ಲಿ ಹಿಂದೆ ಮುಖ್ಯಸ್ಥನಾಗಿದ್ದವನು ಪಾಸ್ಟ್ ಮಾಸ್ಟರ್. ಹುದ್ದೆಯಿಂದ ಇಳಿದರೂ ವಿದ್ಯೆ ಇಳಿಯದು ಎಂಬ ಭಾವದಿಂದ ಅದು ಪರಿಣತ ಎಂಬ ಅರ್ಥಕ್ಕೆ ತಿರುಗಿತು. ಆದರೆ ಇಂದು ಅದನ್ನು ತುಂಟತನದಿಂದ ಬಳಸುವುದೇ ಹೆಚ್ಚು. ನೆಪ ಹೇಳುವುದರಲ್ಲಿ, ಸಾಲ ತಪ್ಪಿಸಿಕೊಳ್ಳುವುದರಲ್ಲಿ ಪಾಸ್ಟ್ ಮಾಸ್ಟರ್ ಎನ್ನುವಂತೆ. ನಿವೃತ್ತರಾಗುವ ಅಧ್ಯಾಪಕರ ಸನ್ಮಾನ ಪತ್ರದಲ್ಲಿ ಇದನ್ನು ಬರೆದರೆ 'ಹಳೆಯ ಮಾಸ್ಟ್ರು' ಎಂದು ಕೆಲವರು, 'ಕಿಲಾಡಿ' ಎಂದು ಕೆಲವರು ಓದಿಕೊಂಡಾರು.

ನಮ್ಮ 'ಎತ್ತಿದ ಕೈ' ಕೂಡ ಇಂಥದೇ. ಅರ್ಥ ಹೇಳುವುದರಲ್ಲಿ ಎತ್ತಿದ ಕೈ ಎಂದರೆ ಹೊಗಳಿಕೆ. ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ ಎಂದರೆ ಚುಚ್ಚುಮಾತು. ಕನ್ನಡದಲ್ಲಿ ಈ ವ್ಯತ್ಯಾಸ ನಮಗೆ ಕಲಿಸದೆಯೇ ಗೊತ್ತು. ಇಂಗ್ಲಿಷಿನಲ್ಲಿ ಕಲಿತೇ ತಿಳಿಯಬೇಕು.

'ಗಿಫ್ಟ್ ಆಫ್ ದಿ ಗ್ಯಾಬ್' ಎಂಬುದೂ ಎಚ್ಚರದಿಂದ ಬಳಸಬೇಕಾದ ಮಾತು. ಮಾತುಗಾರಿಕೆಯ ವರ ಎಂದು ಅರ್ಥ ಬರೆದಿರುತ್ತಾರೆ. ಆದರೆ ಗ್ಯಾಬ್ ಎಂದರೆ ಹರಟೆ. ಸರಕು ಮಾರುವವನಿಗೆ ಅದು ಒಪ್ಪೀತು. ತಾಳಮದ್ದಳೆಯಲ್ಲಿ ಪುರಾಣದ ಒಂದೊಂದು ಪಾತ್ರಕ್ಕೂ ಹೊಸ ನ್ಯಾಯ ಹುಡುಕಿ ವಾದಿಸುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರಿಗೆ ಒಪ್ಪುತ್ತದೆಯೇ? ಅಲ್ಲಿ 'ಎಲೊಕ್ವೆಂಟ್' ಎಂಬ ಗಂಭೀರ ಪದ ಬೇಕು. ನಮ್ಮಲ್ಲಾದರೆ 'ವಾಗ್ಮಿ'.

ತೂಕ ನೋಡಿ ಆಡಬೇಕಾದ ಮಾತು

'ಸೆಕೆಂಡ್ ಟು ನನ್' ಎಂದರೆ ಯಾರಿಗೂ ಕಡಿಮೆಯಲ್ಲ. ಅವನಿಗಿಂತ ಮುಂದೆ ಯಾರೂ ಇಲ್ಲ. ಅವನ ಸಮಕ್ಕೆ ಇನ್ನೊಬ್ಬನಿರಬಹುದು. 'ಇನ್ ಎ ಲೀಗ್ ಆಫ್ ಹಿಸ್ ಓನ್' ಎಂದರೆ ಅವನ ಸಾಲಿನಲ್ಲಿ ಅವನೊಬ್ಬನೇ. 'ಎ ಕಟ್ ಅಬೊವ್' ಎಂದರೆ ಉಳಿದವರಿಗಿಂತ ಒಂದು ಮೆಟ್ಟಿಲು ಮೇಲೆ. 'ಹೆಡ್ ಅಂಡ್ ಶೋಲ್ಡರ್ಸ್ ಅಬೊವ್' ಎಂದರೆ ಬಹಳ ಮೇಲೆ. ಈ ಕೊನೆಯ ಮಾತಿನ ಹಿಂದೆ ಬೈಬಲಿನ ಕಥೆಯಿದೆ. ಇಸ್ರೇಲಿನ ಮೊದಲ ಅರಸನಾದ ಸೌಲನು ಜನರ ನಡುವೆ ನಿಂತರೆ ಅವನ ಹೆಗಲ ಮಟ್ಟಕ್ಕಿಂತ ಮೇಲೆ ಯಾರೂ ಇರಲಿಲ್ಲವಂತೆ.

ಈ ವ್ಯತ್ಯಾಸವನ್ನು ನಾವು ತರಗತಿಯಲ್ಲಿ ಕ್ರಿಕೆಟಿನ ಉದಾಹರಣೆಯಿಂದ ಹೇಳುತ್ತೇವೆ. ಹೆಸರಿನಲ್ಲಿ ನಮ್ಮ ಕುಂಬಳೆಯನ್ನೇ ಹೊತ್ತ ಅನಿಲ್ ಕುಂಬ್ಳೆಯವರು 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ 74 ಓಟ ಕೊಟ್ಟು ಹತ್ತೂ ವಿಕೆಟ್ ಕಿತ್ತರು. ಹಾಗಾದರೆ ಆ ಸಾಧನೆಯಲ್ಲಿ ಅವರು 'ಇನ್ ಎ ಲೀಗ್ ಆಫ್ ಹಿಸ್ ಓನ್' ಎನ್ನಬಹುದೇ? ಎನ್ನಲಾಗದು. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಟೆಸ್ಟಿನಲ್ಲಿ ಅದನ್ನು ಮಾಡಿದ್ದರು. 2021ರಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಮುಂಬೈಯಲ್ಲಿ ಮಾಡಿದರು. ಮೂವರ ಸಾಲು ಅದು. ಅಲ್ಲಿ 'ಸೆಕೆಂಡ್ ಟು ನನ್' ಎಂದರೆ ಸರಿ. ಆದರೆ ಟೆಸ್ಟಿನಲ್ಲಿ 619 ವಿಕೆಟ್ ಪಡೆದ ಭಾರತೀಯ ಅವರೊಬ್ಬರೇ ಎಂಬಾಗ ಭಾರತೀಯರ ಪೈಕಿ ಅವರದ್ದೇ ಬೇರೆ ಸಾಲು ಎನ್ನಲು ಅಡ್ಡಿಯಿಲ್ಲ. ಹೀಗೆ ಸಂಗತಿಯನ್ನು ತೂಗಿದರೆ ಮಾತು ತಾನಾಗಿ ಸಿಗುತ್ತದೆ.

ಹಡಗು, ವಿಮಾನ, ಟೋಪಿ

ಈ ಮಾತುಗಳ ಹುಟ್ಟು ತಿಳಿದರೆ ಬಳಕೆ ತಪ್ಪುವುದು ಕಡಿಮೆ. ಹಾಯಿಹಡಗಿನಲ್ಲಿ ಹಗ್ಗಗಳ ಕಾಡೇ ಇರುತ್ತಿತ್ತು. ಯಾವ ಹಗ್ಗ ಯಾವ ಹಾಯಿಗೆ ಎಂದು ಬಲ್ಲವನೇ ನಾವಿಕ. ಆದ್ದರಿಂದ ಕೆಲಸದ ಒಳಹೊರಗು ಬಲ್ಲವನು 'ನೋಸ್ ದಿ ರೋಪ್ಸ್'. ಇದು ಅನುಭವವನ್ನು ಹೇಳುತ್ತದೆ, ಅಸಾಧಾರಣ ಪ್ರತಿಭೆಯನ್ನಲ್ಲ.

'ಏಸ್' ಎಂದರೆ ಇಸ್ಪೀಟಿನ ಎಕ್ಕ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನವರು ಶತ್ರುಗಳ ವಿಮಾನಗಳನ್ನು ಉರುಳಿಸಿದ ವೈಮಾನಿಕರನ್ನು ಎಕ್ಕ ಎಂದು ಕರೆದರು. ಐದು ವಿಮಾನ ಉರುಳಿಸಿದರೆ ಆ ಹೆಸರು ಎಂಬ ಲೆಕ್ಕ ನಿಂತಿತು. 1918ರ ಜುಲೈಯಲ್ಲಿ ಹತ್ತು ಗೆಲುವು ಗಳಿಸಿ, ಅದೇ ತಿಂಗಳ 22ರಂದು ಹತ್ತೊಂಬತ್ತರ ಹರೆಯದಲ್ಲಿ ಮಡಿದ ಇಂದ್ರಲಾಲ್ ರಾಯ್ ಭಾರತದ ಮೊದಲ ಏಸ್. ಟೈಪಿಂಗ್ ಪರೀಕ್ಷೆ ಪಾಸಾದವನು ತನ್ನನ್ನು ಏಸ್ ಎಂದುಕೊಳ್ಳುವ ಮೊದಲು ಇದನ್ನು ನೆನೆಯಲಿ.

'ಹ್ಯಾಟ್ರಿಕ್' ಮಾತಿಗೂ ಕಥೆಯಿದೆ. 1858ರಲ್ಲಿ ಶೆಫೀಲ್ಡಿನಲ್ಲಿ ಸ್ಟೀಫನ್ಸನ್ ಎಂಬ ಬೌಲರನು ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಪಡೆದಾಗ ಅಭಿಮಾನಿಗಳು ಹಣ ಕೂಡಿಸಿ ಅವನಿಗೊಂದು ಟೋಪಿ ಕೊಡಿಸಿದರು. 'ಎ ಫೆದರ್ ಇನ್ ಹಿಸ್ ಕ್ಯಾಪ್' ಎಂಬ ಇನ್ನೊಂದು ಮಾತಿನಲ್ಲಿಯೂ ಟೋಪಿಯೇ, ಅದಕ್ಕೊಂದು ಗರಿ. ಪಾಶ್ಚಾತ್ಯರಿಗೆ ಟೋಪಿ ಮರ್ಯಾದೆಯ ಗುರುತು. ನಮ್ಮಲ್ಲಿ ಟೋಪಿ ಹಾಕುವುದು ಎಂದರೇನೆಂದು ಹೇಳಬೇಕಾಗಿಲ್ಲ! ಸಹಕಾರಿ ಸಂಘದ ಅಧ್ಯಕ್ಷರ ಟೋಪಿಗೆ ಮತ್ತೊಂದು ಗರಿ ಎಂದು ಯಾರಾದರೂ ಬರೆದರೆ ಠೇವಣಿ ಇಟ್ಟವರು ಮರುದಿನವೇ ಬಾಗಿಲಲ್ಲಿ ನಿಲ್ಲುವರು. ಕನ್ನಡದವರು ಜಾಣತನದಿಂದ ಗರಿಯನ್ನು ಉಳಿಸಿಕೊಂಡು ಟೋಪಿಯನ್ನು ಬಿಟ್ಟರು. 'ಮುಡಿಗೆ ಮತ್ತೊಂದು ಗರಿ' ಎಂದರು. ಪರಭಾಷೆಯಿಂದ ಮಾತು ತರುವ ಸರಿಯಾದ ಕ್ರಮ ಅದು.

ಇದರ ಉಲ್ಟಾ ಪ್ರಯೋಗವೂ ತರಗತಿಯಲ್ಲಿ ನಡೆಯುತ್ತದೆ. ಅಡುಗೆಯಲ್ಲಿ ಎತ್ತಿದ ಕೈ ಎಂಬುದನ್ನು 'ಲಿಫ್ಟೆಡ್ ಹ್ಯಾಂಡ್' ಎಂದವರಿದ್ದಾರೆ. ವ್ಯಾಕರಣವನ್ನು ಅರೆದು ಕುಡಿದವರು ಎಂಬುದಕ್ಕೆ ರುಬ್ಬುವ ಕಲ್ಲನ್ನೇ ಇಂಗ್ಲಿಷಿಗೆ ಎಳೆದುತಂದವರಿದ್ದಾರೆ. ನಗು ಬರುತ್ತದೆ. ಆದರೆ ಆ ಮಗುವಿನ ಕೈಯಲ್ಲಿ ಸೊಗಸಾದ ಕನ್ನಡವಿದೆಯಲ್ಲ ಎಂದು ಸಂತೋಷವೂ ಆಗುತ್ತದೆ.

ನಮ್ಮಿಂದ ಹೋದ ಬಿರುದು

ಇಂಗ್ಲಿಷರು ಪಾಂಡಿತ್ಯಕ್ಕೆ ಮಾತು ಸಾಲದೆ ನಮ್ಮಿಂದ ಒಯ್ದದ್ದೂ ಇದೆ. 'ಗುರು' ಎಂಬ ಪದ ಇಂದು ಅವರಲ್ಲಿ ಯಾವುದೇ ವಿಷಯದ ತಜ್ಞನಿಗೂ ಸಲ್ಲುತ್ತದೆ. 'ಪಂಡಿಟ್' ಎಂಬುದು ನಮ್ಮ ಪಂಡಿತನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ವೆ ಇಲಾಖೆಯವರು ಪರದೇಶೀಯರಿಗೆ ಬಾಗಿಲು ಮುಚ್ಚಿದ್ದ ಟಿಬೆಟನ್ನು ಅಳೆಯಲು ಭಾರತೀಯರನ್ನು ಗುಟ್ಟಾಗಿ ಕಳುಹಿಸಿದಾಗ ಅವರನ್ನು ಪಂಡಿತರೆಂದೇ ಕರೆದರು. ಅವರಲ್ಲಿ ಪ್ರಸಿದ್ಧ ನೈನ್ ಸಿಂಗ್ ರಾವತ್. ಕುಮಾಊಂ ಪರ್ವತ ಸೀಮೆಯ ಶಾಲಾ ಮಾಸ್ತರ. ನೂರೆಂಟರ ಬದಲು ನೂರು ಮಣಿಗಳ ಜಪಮಾಲೆ ಹಿಡಿದು, ಹೆಜ್ಜೆಗಳನ್ನು ಎಣಿಸುತ್ತ, 1866ರಲ್ಲಿ ಲ್ಹಾಸಾ ತಲುಪಿದರು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಇಂದು ಇಂಗ್ಲಿಷಿನಲ್ಲಿ ಪಂಡಿಟ್ ಎಂದರೆ ಟಿ.ವಿ.ಯಲ್ಲಿ ಕುಳಿತು ಚುನಾವಣೆಯನ್ನೋ ಆಟವನ್ನೋ ವಿಮರ್ಶಿಸುವವರು. ಪದ ಉಳಿಯಿತು, ತೂಕ ಇಳಿಯಿತು. ಮಾತುಗಳ ಹಣೆಬರಹವೇ ಹಾಗೆ.

ಮಕ್ಕಳಿಗೂ ಹೆತ್ತವರಿಗೂ

ಇಷ್ಟು ಹೇಳಿದ್ದು ಇಂಗ್ಲಿಷನ್ನು ದೂರವಿಡಿ ಎನ್ನಲು ಅಲ್ಲ. ಅಲ್ಪಸಂಖ್ಯಾತರಾದ ನಮ್ಮ ಮಕ್ಕಳಿಗೆ ಅದು ಅನ್ನದ ದಾರಿಗಳಲ್ಲಿ ಒಂದು. ಆದರೆ ಮೂರು ಸಂಗತಿಗಳು ಮನಸ್ಸಿನಲ್ಲಿರಲಿ.

ಮೊದಲನೆಯದು, ಇಂಥ ಮಾತುಗಳಲ್ಲಿ ಹೆಚ್ಚಿನವು ಇನ್ನೊಬ್ಬರನ್ನು ಹೊಗಳಲು ಇರುವುವು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಕನ್ನಡದಲ್ಲಿ ಹೇಗೆ ಚೆಂದವಲ್ಲವೋ ಇಂಗ್ಲಿಷಿನಲ್ಲಿಯೂ ಹಾಗೆಯೇ. ಅರ್ಜಿಯಲ್ಲಿ ಏಸ್, ವಿಜರ್ಡ್, ಎಕ್ಸ್‌ಪರ್ಟ್ ಎಂದೆಲ್ಲ ಬರೆಯುವ ಬದಲು ಮಾಡಿದ ಕೆಲಸವನ್ನು ಬರೆಯಬೇಕು. ಮಿನಿಟಿಗೆ ಇಷ್ಟು ಪದ ಟೈಪು ಮಾಡಬಲ್ಲೆ, ಇಂಥ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲೆ, ಕನ್ನಡ-ಮಲಯಾಳ-ತುಳು ಮೂರರಲ್ಲೂ ಗಿರಾಕಿಗಳೊಡನೆ ಮಾತಾಡಬಲ್ಲೆ ಎಂಬುದು ಯಾವ ಬಿರುದಿಗಿಂತಲೂ ಮೇಲು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ತೋರಿಸಿದ ಮೇಲೆ ವರ್ಣನೆಗೆ ಕೆಲಸವೇ ಉಳಿಯಲಿಲ್ಲ. ಕೆಲಸ ಎದುರಿಗಿದ್ದರೆ ಬಿರುದನ್ನು ಲೋಕವೇ ಕೊಡುತ್ತದೆ.

ಎರಡನೆಯದು, ಒಂದು ಮಾತನ್ನು ಬಳಸುವ ಮೊದಲು ಅದನ್ನು ಮೂರು ಕಡೆ ಓದಿರಬೇಕು. ಒಮ್ಮೆ ಓದಿದರೆ ಅರ್ಥ ತಿಳಿಯುತ್ತದೆ. ಮೂರು ಸಲ ಓದಿದರೆ ಅದು ಸಭೆಯ ಮಾತೋ ಸಲುಗೆಯ ಮಾತೋ ಕೊಂಕು ಮಾತೋ ತಿಳಿಯುತ್ತದೆ. ಸಂದೇಹವಿದ್ದರೆ 'ವೆರಿ ಗುಡ್' ಎಂಬ ಸರಳ ಮಾತಿನಿಂದ ಯಾರಿಗೂ ಕೇಡಾದದ್ದಿಲ್ಲ.

ಮೂರನೆಯದೇ ಮುಖ್ಯ. ಮಗು ಚೆನ್ನಾಗಿ ಹಾಡಿದರೂ 'ಸೂಪರ್', ಚೆಂಡು ಹೊಡೆದರೂ 'ಸೂಪರ್', ಪಾಯಸ ರುಚಿಯಾದರೂ 'ಸೂಪರ್' ಎನ್ನುವುದು ನಮ್ಮ ಮನೆಗಳಲ್ಲಿ ಹಬ್ಬಿದೆ. ನಿಸ್ಸೀಮ, ನುರಿತವ, ಗಟ್ಟಿಗ, ಸಿದ್ಧಹಸ್ತ, ಪಾರಂಗತ, ಎತ್ತಿದ ಕೈ ಎಂಬ ಕನ್ನಡವೂ, ತುಳುವಿನ 'ಬಿರ್ಸೆ'ಯೂ ಎಷ್ಟು ಮಕ್ಕಳ ಕಿವಿಗೆ ಬೀಳುತ್ತಿವೆ? ನೆರೆಮನೆಯ ಮಗು ಹೊಗಳಿಸಿಕೊಳ್ಳುವಾಗ 'ಮಿಡುಕ್ಕನ್' ಎಂಬ ತನ್ನ ಮಾತನ್ನೇ ಕೇಳುತ್ತದೆ. ನಮ್ಮ ಮಗುವಿಗೆ ಮಾತ್ರ ಸಾಲದ ಮಾತೇ? ಗಡಿಯಲ್ಲಿ ಭಾಷೆ ಸವೆಯುವುದು ಆದೇಶಗಳಿಂದ ಮಾತ್ರವಲ್ಲ, ಹೀಗೆ ಊಟದ ಮಣೆಯ ಮೇಲೆಯೂ ಸವೆಯುತ್ತದೆ. ಶಾಲೆಯ ಹಲಗೆಯಲ್ಲಿ ಅಧ್ಯಾಪಕರು ಬರೆದ ಪದ ಪರೀಕ್ಷೆಯವರೆಗೆ ಉಳಿಯುತ್ತದೆ; ತಾಯಿಯ ಬಾಯಿಂದ ಕೇಳಿದ ಮೆಚ್ಚುಗೆಯ ಪದ ಮುದಿತನದವರೆಗೆ ಉಳಿಯುತ್ತದೆ.

ಜಾಣತನಕ್ಕೆ ತನ್ನ ನುಡಿಯಲ್ಲಿ ಹತ್ತು ಹೆಸರು ಬಲ್ಲ ಮಗುವಿಗೆ, ಇಂಗ್ಲಿಷಿನಲ್ಲಿಯೂ ಒಂದಕ್ಕೂ ಇನ್ನೊಂದಕ್ಕೂ ತೂಕದ ಅಂತರವಿರುತ್ತದೆಂದು ಬೇಗ ಹೊಳೆಯುತ್ತದೆ. ಎಲ್ಲಕ್ಕೂ ಒಂದೇ ಪದ ಕೇಳಿ ಬೆಳೆದ ಮಗುವಿಗೆ ಯಾವ ಗೈಡಿನ ಪಟ್ಟಿಯೂ ಅದನ್ನು ಕಲಿಸಲಾರದು. ಹಾಗಾಗಿ ಈ ವಾರ ಮಗು ಅಂಕಪಟ್ಟಿಯನ್ನೋ ತಾನು ಬಿಡಿಸಿದ ಚಿತ್ರವನ್ನೋ ತಂದು ತೋರಿಸಿದಾಗ ಹೆತ್ತವರು ಒಂದು ಗಳಿಗೆ ಯೋಚಿಸಿ, ಆ ಕೆಲಸಕ್ಕೆ ಸರಿಹೊಂದುವ ಒಂದು ಕನ್ನಡ ಮಾತನ್ನು ಹುಡುಕಿ ಹೇಳಲಿ. ಅದಕ್ಕೆ ಖರ್ಚಿಲ್ಲ, ಸರಕಾರದ ಮಂಜೂರಾತಿಯೂ ಬೇಕಿಲ್ಲ.